ಕೆಲಸವಿಲ್ಲದೆ ಒಂದು ಸಲ ಬೆಂಗಳೂರಿಗೆ

ಹಾಸನದ ಕಡೆ ಬೆಂಗಳೂರಿನ ನಂಟಿಲ್ಲದ ಮನೆ ಸಿಗುವುದು ಕಷ್ಟ. ಮಗನ ಕೆಲಸ ಅಲ್ಲಿ, ಮಗಳನ್ನು ಕೊಟ್ಟಿರುವುದು ಅಲ್ಲಿ, ದೊಡ್ಡ ಆಸ್ಪತ್ರೆ ಅಲ್ಲಿ, ಜಮೀನಿನ ಕೇಸು ಮೇಲಿನ ಕೋರ್ಟಿಗೆ ಹೋದರೆ ಅದೂ ಅಲ್ಲಿ. ಬೆಳಿಗ್ಗೆ ಕತ್ತಲಿರುವಾಗಲೇ ಬಸ್ಸು ಹತ್ತಿ, ಮಧ್ಯಾಹ್ನ ಕೆಲಸ ಮುಗಿಸಿ, ರಾತ್ರಿ ಊಟದ ಹೊತ್ತಿಗೆ ಮನೆ ಸೇರುವವರು ನಮ್ಮ ಬೀದಿಯಲ್ಲೇ ಎಷ್ಟೋ ಜನ. ಆದರೆ ವಿಧಾನಸೌಧವನ್ನು ಬಸ್ಸಿನ ಕಿಟಕಿಯಿಂದ ಬಿಟ್ಟು ಹತ್ತಿರ ನಿಂತು ನೋಡಿದ್ದೀರಾ ಅಂತ ಅವರನ್ನು ಕೇಳಿ. ಹೆಚ್ಚಿನವರು ಇಲ್ಲ ಅಂತಾರೆ. ಮ್ಯೂಸಿಯಂ ಅಂದರೆ ಶಾಲೆಯ ಟೂರಿನಲ್ಲಿ ಸಾಲಾಗಿ ನಡೆಸಿದ್ದು ನೆನಪಿರುತ್ತದೆ, ಒಳಗೆ ಏನಿತ್ತು ಅನ್ನುವುದು ನೆನಪಿರುವುದಿಲ್ಲ.

ನನಗೆ ಇದು ತುಂಬಾ ಬೇಜಾರಿನ ವಿಷಯ. ರಾಜಧಾನಿಯ ಕಟ್ಟಡಗಳು ರಾಜಧಾನಿಯಲ್ಲಿ ಇರುವವರಿಗೆ ಮಾತ್ರ ಸೇರಿದ್ದಲ್ಲ. ನಮ್ಮ ಜಿಲ್ಲೆಯ ಮಣ್ಣಿನಿಂದ ಹೋದ ಕಲ್ಲುಗಳು ಅಲ್ಲಿವೆ, ನಮ್ಮ ಹಿರಿಯರು ಕಟ್ಟಿದ ಕಂದಾಯ ಆ ಗೋಡೆಗಳಲ್ಲಿದೆ, ನಮ್ಮ ಊರಿನ ಫೈಲುಗಳು ಆ ಕಾರಿಡಾರುಗಳಲ್ಲೇ ಓಡಾಡಿವೆ. ಹಾಗಾಗಿ ಕೈಯಲ್ಲಿ ಫೈಲು ಇಲ್ಲದೆ, ಆಸ್ಪತ್ರೆಯ ಚೀಟಿ ಇಲ್ಲದೆ, ಮದುವೆಯ ಗಡಿಬಿಡಿ ಇಲ್ಲದೆ, ಸುಮ್ನೆ ನೋಡುವುದಕ್ಕೆ ಅಂತ ಒಂದು ಸಲ ಹೋಗಿ ಬನ್ನಿ. ಹಾಗೆ ಹೋಗುವವರಿಗೆ ನನಗೆ ಗೊತ್ತಿರುವ ಒಂದಿಷ್ಟು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು, ಎಲ್ಲಿಂದ ಶುರು ಮಾಡಬೇಕು ಅನ್ನುವುದು. ಎಲ್ಲರೂ ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಂಡು ಶುರು ಮಾಡುತ್ತಾರೆ. ನಾನು ಹೇಳುವುದು ಬೇರೆ. ಬೆಂಗಳೂರಿನಲ್ಲಿ ಸರ್ಕಾರ ಒಂದು ಮನೆಯಿಂದ ಇನ್ನೊಂದು ಮನೆಗೆ ಬದಲಾಯಿಸುತ್ತಾ ಬಂದಿದೆ. ಮೊದಲು ಟಿಪ್ಪು ಅರಮನೆ, ಆಮೇಲೆ ಈಗ ಹೈಕೋರ್ಟು ಇರುವ ಅಠಾರಾ ಕಚೇರಿ, ಆಮೇಲೆ ವಿಧಾನಸೌಧ. ಮೂರೂ ಇವತ್ತಿಗೂ ನಿಂತಿವೆ, ಒಂದಕ್ಕೊಂದು ಬಹಳ ದೂರವೂ ಇಲ್ಲ. ಆ ಕ್ರಮದಲ್ಲೇ ಹೋದರೆ ಒಂದು ಕಥೆ ಸಿಗುತ್ತದೆ. ಹೇಗೆ ಬೇಕೋ ಹಾಗೆ ಹೋದರೆ ಬರೀ ಕಟ್ಟಡಗಳು ಸಿಗುತ್ತವೆ, ಅಷ್ಟೇ.

ಹೋಗುವ ದಾರಿ ಈಗ ಸುಲಭ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲೆ ಹೊಸ ರೈಲು ಮಾರ್ಗ ಪೂರ್ತಿಯಾದ ಮೇಲೆ ಹಾಸನದಿಂದ ಯಶವಂತಪುರಕ್ಕೆ ನೇರ ರೈಲು ಇದೆ. ಬಸ್ಸಿನಲ್ಲಿ ಹೋಗುವವರು ಮೆಜೆಸ್ಟಿಕ್ ತನಕ ಕೂರಬೇಕಾಗಿಲ್ಲ. ನೆಲಮಂಗಲ ದಾಟಿದ ಮೇಲೆ ಟ್ರಾಫಿಕ್ಕಿನಲ್ಲಿ ನಿಲ್ಲುವ ಬದಲು ದಾಸರಹಳ್ಳಿಯಲ್ಲೋ ಗೊರಗುಂಟೆಪಾಳ್ಯದಲ್ಲೋ ಇಳಿದು ಹಸಿರು ಮಾರ್ಗದ ಮೆಟ್ರೋ ಹತ್ತಿ. ರೈಲಿನಲ್ಲಿ ಬಂದವರಿಗೂ ಯಶವಂತಪುರದಲ್ಲಿ ಅದೇ ಮೆಟ್ರೋ ಸಿಗುತ್ತದೆ. ಆ ಗಾಡಿ ನೇರವಾಗಿ ಕೆ.ಆರ್. ಮಾರ್ಕೆಟ್ಟಿಗೆ ಹೋಗುತ್ತದೆ, ಮೆಜೆಸ್ಟಿಕ್ಕಿನಲ್ಲಿ ಇಳಿದು ಬದಲಾಯಿಸಬೇಕಾಗಿಲ್ಲ. ದಿನ ಯಾವುದು ಅಂದರೆ ಭಾನುವಾರ. ಯಾಕೆ ಅಂತ ಮುಂದೆ ಹೇಳುತ್ತೇನೆ. ಸೋಮವಾರ ಮಾತ್ರ ಹೋಗಬೇಡಿ, ಸರ್ಕಾರಿ ಮ್ಯೂಸಿಯಂಗಳು ಬಹುತೇಕ ಅವತ್ತೇ ಬಾಗಿಲು ಹಾಕಿರುತ್ತವೆ.

ಮಾರ್ಕೆಟ್ ನಿಲ್ದಾಣದಿಂದ ಮೇಲೆ ಬಂದರೆ ಬೆಂಗಳೂರು ಕೋಟೆಯ ಉಳಿದ ತುಂಡು ಕಾಣಿಸುತ್ತದೆ. ಸ್ವಲ್ಪ ಮುಂದೆ ಕೋಟೆ ವೆಂಕಟರಮಣ ದೇವಸ್ಥಾನ. ಅದರ ಪಕ್ಕದಲ್ಲೇ ಟಿಪ್ಪು ಬೇಸಿಗೆ ಅರಮನೆ. ನಮ್ಮ ಕಡೆಯ ಎಷ್ಟೋ ಜನ ವಿಕ್ಟೋರಿಯಾ ಆಸ್ಪತ್ರೆಗೆ, ವಾಣಿವಿಲಾಸಕ್ಕೆ ಬಂದು ವಾರಗಟ್ಟಲೆ ಇದ್ದು ಹೋಗಿದ್ದಾರೆ, ಪಕ್ಕದಲ್ಲೇ ಅರಮನೆ ಇದೆ ಅನ್ನುವುದು ಗೊತ್ತಾಗಿಲ್ಲ. ಆ ಹೊತ್ತಿನಲ್ಲಿ ಯಾರಿಗೆ ತಾನೇ ನೋಡುವ ಮನಸ್ಸು ಇರುತ್ತದೆ.

ಈ ಅರಮನೆಯನ್ನು 1781ರಲ್ಲಿ ಹೈದರಾಲಿ ಕಟ್ಟಿಸಲು ಶುರು ಮಾಡಿದ, 1791ರಲ್ಲಿ ಟಿಪ್ಪು ಮುಗಿಸಿದ. ಅರಮನೆ ಅಂದ ಕೂಡಲೇ ಮೈಸೂರಿನದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ. ಇದು ಎರಡೇ ಅಂತಸ್ತಿನ ಕಟ್ಟಡ, ಹೆಚ್ಚಾಗಿ ತೇಗದ ಮರದ್ದು. ಒಳಗೆ ಹೋದವರು ಐದು ನಿಮಿಷದಲ್ಲಿ ಹೊರಗೆ ಬಂದು ಇಷ್ಟೇನಾ ಅನ್ನುತ್ತಾರೆ. ಅವರು ಮೇಲಿನ ಅಂತಸ್ತಿಗೆ ಹೋಗಿರುವುದಿಲ್ಲ, ಅಥವಾ ಹೋದರೂ ನಿಂತಿರುವುದಿಲ್ಲ. ಮೇಲಿನ ಬಾಲ್ಕನಿಯಲ್ಲಿ ಟಿಪ್ಪು ದರ್ಬಾರು ನಡೆಸುತ್ತಿದ್ದ. ಅಲ್ಲಿ ಒಂದು ಕಂಬಕ್ಕೆ ಒರಗದೆ ಹತ್ತಿರ ನಿಂತು ಕೆಳಗಿನಿಂದ ಕಮಾನಿನ ತನಕ ಕಣ್ಣು ಹಾಯಿಸಿ. ಮರ ಕೆತ್ತಿದವರ ಕೈ ಹೇಗೆ ಓಡಿದೆ ಅಂತ ಕಾಣುತ್ತದೆ. ಗೋಡೆ ಮತ್ತು ಚಾವಣಿಯ ಬಣ್ಣ ಮಾಸಿದೆ, ಆದರೆ ಅಲ್ಲಲ್ಲಿ ಹಳೆಯ ಹೂಬಳ್ಳಿಯ ಚಿತ್ರ ಉಳಿದಿದೆ. ಅದನ್ನು ನೋಡುವುದಕ್ಕೆ ಬೆಳಿಗ್ಗೆಯ ಬೆಳಕೇ ಸರಿ.

1799ರಲ್ಲಿ ಟಿಪ್ಪು ತೀರಿಕೊಂಡ. 1831ರಲ್ಲಿ ಬ್ರಿಟಿಷರು ಮೈಸೂರು ಸಂಸ್ಥಾನದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು, ಆಡಳಿತ ಬೆಂಗಳೂರಿಗೆ ಬಂತು. ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದ ಕಾಲದಲ್ಲಿ ಇದೇ ಮರದ ಅರಮನೆಯಲ್ಲಿ ಸರ್ಕಾರದ ಕಚೇರಿ ನಡೆಯುತ್ತಿತ್ತು. ಹಾಸನದ ಕಂದಾಯದ ಲೆಕ್ಕವೂ ಆಗ ಇಲ್ಲಿಗೇ ಬರುತ್ತಿತ್ತು ಅಂತ ಯೋಚಿಸಿದರೆ ಆ ಕೋಣೆಗಳು ಬೇರೆ ರೀತಿ ಕಾಣುತ್ತವೆ. ಜಾಗ ಸಾಲದೆ 1868ರಲ್ಲಿ ಕಚೇರಿಗಳು ಇಲ್ಲಿಂದ ಎದ್ದು ಹೊಸ ಕಟ್ಟಡಕ್ಕೆ ಹೋದವು.

ಆ ಹೊಸ ಕಟ್ಟಡವೇ ಅಠಾರಾ ಕಚೇರಿ, ಈಗಿನ ಹೈಕೋರ್ಟು. ಮಾರ್ಕೆಟ್ಟಿನಿಂದ ಮೆಟ್ರೋದಲ್ಲಿ ಮೆಜೆಸ್ಟಿಕ್ಕಿಗೆ ಬಂದು ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ವಿಧಾನಸೌಧ ನಿಲ್ದಾಣದಲ್ಲಿ ಇಳಿಯಬಹುದು. ಕೆಂಪು ಬಣ್ಣದ ಉದ್ದನೆಯ ಎರಡು ಅಂತಸ್ತು, ಮುಂದೆ ದಪ್ಪ ಕಂಬಗಳ ಸಾಲು. ಸರ್ಕಾರದ ಹದಿನೆಂಟು ಇಲಾಖೆಗಳು ಇದರೊಳಗೆ ಇದ್ದವು, ಅಠಾರಾ ಅಂದರೆ ಹದಿನೆಂಟು. ಒಳಗೆ ಕೆಲಸವಿದ್ದವರಿಗೆ ಮಾತ್ರ ಪ್ರವೇಶ. ಹೊರಗಿನಿಂದ, ಕಬ್ಬನ್ ಪಾರ್ಕಿನ ಕಡೆಯಿಂದ ನೋಡಿದರೆ ಸಾಕು. ಭಾನುವಾರ ವಕೀಲರ ಓಡಾಟ ಇರುವುದಿಲ್ಲ, ಕಾರುಗಳ ಸಾಲು ಇರುವುದಿಲ್ಲ. ಇದನ್ನು ನೋಡುವಾಗ ಒಂದು ವಿಷಯ ಗಮನಿಸಿ. ಕಂಬ, ಕಿಟಕಿ, ಕಮಾನು ಎಲ್ಲವೂ ಯುರೋಪಿನವು. ನಮ್ಮ ಬೇಲೂರಿನದಾಗಲಿ ಮೈಸೂರಿನದಾಗಲಿ ಒಂದು ಗುರುತೂ ಇಲ್ಲ. ಯಾರು ಆಳುತ್ತಿದ್ದರು ಅನ್ನುವುದನ್ನು ಗೋಡೆಯೇ ಹೇಳುತ್ತದೆ. ಹಾಗಂತ ಕಟ್ಟಡ ಚೆನ್ನಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ಬೆಳಗಿನ ಬಿಸಿಲಿನಲ್ಲಿ ಹಸಿರು ಮರಗಳ ಮಧ್ಯೆ ಆ ಕೆಂಪು ತುಂಬಾ ಚೆಂದ.

ಈಗ ಅಲ್ಲೇ ತಿರುಗಿ ನಿಲ್ಲಿ. ರಸ್ತೆಯ ಆಚೆ ವಿಧಾನಸೌಧ.

ಮೊದಲು ಆ ಕೆಂಪು ಕಟ್ಟಡವನ್ನು ನೋಡಿ, ಆಮೇಲೆ ಇದಕ್ಕೆ ಮುಖ ಮಾಡಿದಾಗ ಏನಾಗುತ್ತದೆ ಅಂತ ನೀವೇ ಅನುಭವಿಸಬೇಕು. ಒಂದು ಸರ್ಕಾರ ಇನ್ನೊಂದು ಸರ್ಕಾರಕ್ಕೆ ಎದುರಿಗೆ ನಿಂತು ಉತ್ತರ ಕೊಟ್ಟಿದೆ ಇಲ್ಲಿ. 1951ರ ಜುಲೈನಲ್ಲಿ ನೆಹರೂ ಅಡಿಗಲ್ಲು ಹಾಕಿದರು, ಆಗ ಕೆ.ಸಿ. ರೆಡ್ಡಿ ಮುಖ್ಯಮಂತ್ರಿ. ಆಮೇಲೆ ಬಂದ ಕೆಂಗಲ್ ಹನುಮಂತಯ್ಯನವರು ನಕ್ಷೆಯನ್ನೇ ದೊಡ್ಡದು ಮಾಡಿ ಬದಲಾಯಿಸಿದರು. ಹೊರದೇಶದಿಂದ ಬಂದವರೊಬ್ಬರು ಊರೆಲ್ಲ ಸುತ್ತಿ ನೋಡಿ, ಇಲ್ಲಿ ಎಲ್ಲ ಯುರೋಪಿನ ಕಟ್ಟಡಗಳೇ ಇವೆಯಲ್ಲ, ನಿಮ್ಮದು ಅಂತ ಯಾವುದೂ ಇಲ್ಲವೇ ಅಂತ ಕೇಳಿದ್ದು ಅವರ ಮನಸ್ಸಿಗೆ ನಾಟಿತ್ತು ಅನ್ನುವ ಮಾತಿದೆ. ಮುಖ್ಯ ಎಂಜಿನಿಯರ್ ಬಿ.ಆರ್. ಮಾಣಿಕ್ಯಂ. ಕೆಲಸ ಮಾಡಿದವರು ಸಾವಿರಾರು ಜನ. ಅವರಲ್ಲಿ ಜೈಲಿನ ಕೈದಿಗಳೂ ಇದ್ದರು, ಊರೂರಿನಿಂದ ಬಂದ ಕಲ್ಲುಕುಟಿಗರೂ ಇದ್ದರು. 1956ರಲ್ಲಿ ಕಟ್ಟಡ ಮುಗಿಯಿತು. ಅದೇ ವರ್ಷ ನವೆಂಬರ್ 1ಕ್ಕೆ ಕನ್ನಡ ಮಾತಾಡುವ ಸೀಮೆಗಳೆಲ್ಲ ಒಂದಾದವು. ಅಂದರೆ ಹಳೆ ಮೈಸೂರಿಗೆ ಅಂತ ಕಟ್ಟಿದ ಮನೆ, ಮುಗಿಯುವ ಹೊತ್ತಿಗೆ ಬೀದರದಿಂದ ಚಾಮರಾಜನಗರದ ತನಕ ಎಲ್ಲರ ಮನೆ ಆಯಿತು.

ಇಲ್ಲಿ ನಮ್ಮ ಜಿಲ್ಲೆಯವರಿಗೆ ಒಂದು ಅನುಕೂಲ ಇದೆ. ನಾವು ಕಲ್ಲು ನೋಡಿ ಬೆಳೆದವರು. ಬೇಲೂರು, ಹಳೇಬೀಡು, ಕೋರವಂಗಲ, ದೊಡ್ಡಗದ್ದವಳ್ಳಿ, ಹಾರನಹಳ್ಳಿ, ಯಾವುದಾದರೂ ಒಂದು ಗುಡಿಯ ಜಗಲಿ ಮೇಲೆ ಆಡಿದವರು. ಆ ಕಣ್ಣನ್ನು ಇಲ್ಲಿಗೆ ತನ್ನಿ. ಹೊಯ್ಸಳರದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಸರದ ಒಂದೊಂದು ಮಣಿಯ ಹಿಂದೆಯೂ ಉಳಿ ಹೋಗಿದೆ, ಬೆರಳಿನ ಉಗುರೂ ಕಾಣುತ್ತದೆ. ವಿಧಾನಸೌಧದ್ದು ಗ್ರಾನೈಟು, ಬೆಂಗಳೂರಿನ ಸುತ್ತಮುತ್ತಲೇ ತೆಗೆದದ್ದು. ಅಲಂಕಾರಕ್ಕೆ ಮಾಗಡಿಯ ಗುಲಾಬಿ ಕಲ್ಲು, ತುರುವೇಕೆರೆಯ ಕಪ್ಪು ಕಲ್ಲು. ಈ ಕಲ್ಲಿನಲ್ಲಿ ಬೇಲೂರಿನ ಶಿಲಾಬಾಲಿಕೆಯನ್ನು ಕೆತ್ತಲು ಆಗುವುದಿಲ್ಲ, ಕಲ್ಲು ಬಿಡುವುದಿಲ್ಲ. ಅದರ ಚೆಲುವು ಅಳತೆಯಲ್ಲಿದೆ. ಮುಂದಿನ ಮೊಗಸಾಲೆಯ ಹನ್ನೆರಡು ಕಂಬಗಳು ಒಂದೊಂದೂ 40 ಅಡಿ ಎತ್ತರ. ಮೆಟ್ಟಿಲುಗಳು 45, ಅಗಲ 200 ಅಡಿಗೂ ಜಾಸ್ತಿ. ನಡುವಿನ ಗುಮ್ಮಟದ ಅಗಲ 60 ಅಡಿ. ಹತ್ತಿರ ಹೋಗಿ ಹೂವು, ಬಳ್ಳಿ, ಸೂರಿನ ಹಾಗೆ ಮುಂದೆ ಚಾಚಿದ ಕಲ್ಲಿನ ಅಂಚು ನೋಡಿ, ಆಮೇಲೆ ಹಿಂದೆ ಹಿಂದೆ ಸರಿದು ಇಡಿಯಾಗಿ ನೋಡಿ. ಬೇಲೂರಿನಲ್ಲಿ ಹತ್ತಿರ ಹೋದಷ್ಟೂ ಸಿಗುತ್ತದೆ, ಇಲ್ಲಿ ದೂರ ಹೋದಷ್ಟೂ ಸಿಗುತ್ತದೆ.

ಒಳಗೆ ಹೋಗುವ ವಿಷಯ. ಬಹಳ ವರ್ಷ ಒಳಗೆ ಹೋಗಬೇಕೆಂದರೆ ಯಾವುದೋ ಇಲಾಖೆಯಲ್ಲಿ ಕೆಲಸ ಇರಬೇಕಿತ್ತು, ಪಾಸು ಬೇಕಿತ್ತು. 2025ರಲ್ಲಿ ಸಾರ್ವಜನಿಕರಿಗೆ ಗೈಡ್ ಜೊತೆ ಒಳಗಿನ ನಡಿಗೆ ಶುರುವಾಯಿತು. ಭಾನುವಾರ, ಮತ್ತೆ ಎರಡನೇ ಹಾಗೂ ನಾಲ್ಕನೇ ಶನಿವಾರಕ್ಕೆ ಅಂತ ಅದನ್ನು ಇಟ್ಟರು. ಟಿಕೆಟ್ಟನ್ನು ಮುಂಚೆಯೇ ಆನ್‌ಲೈನಿನಲ್ಲಿ ತೆಗೆದುಕೊಳ್ಳಬೇಕು, ಆಧಾರ್ ತರಹದ ಗುರುತಿನ ಚೀಟಿ ಕೈಯಲ್ಲಿರಬೇಕು, ಗುಂಪು ಗುಂಪಾಗಿ ಕರೆದುಕೊಂಡು ಹೋಗುತ್ತಾರೆ. ಹೊರಡುವ ವಾರ ಪ್ರವಾಸೋದ್ಯಮ ನಿಗಮದ ವೆಬ್‌ಸೈಟಿನಲ್ಲಿ ವೇಳೆಯನ್ನು ಇನ್ನೊಂದು ಸಲ ನೋಡಿಕೊಳ್ಳಿ, ಅಧಿವೇಶನ ಅಥವಾ ದೊಡ್ಡ ಸಮಾರಂಭ ಇದ್ದರೆ ಬದಲಾಗಬಹುದು. ಕನ್ನಡದಲ್ಲಿ ಹೇಳುವ ಗೈಡ್ ಬೇಕು ಅಂತ ಮೊದಲೇ ಕೇಳಿ. ನಾಚಿಕೊಳ್ಳಬೇಡಿ. ಇಂಗ್ಲಿಷಿನಲ್ಲಿ ಅರ್ಧ ಅರ್ಥವಾಗಿ ತಲೆಯಾಡಿಸಿ ಬರುವುದಕ್ಕಿಂತ ಕೇಳುವುದು ಒಳ್ಳೆಯದು ಅಲ್ವಾ?

ಇನ್ನೊಂದು ದಾರಿಯೂ ಇದೆ, ಅದು ನನಗೆ ಜಾಸ್ತಿ ಇಷ್ಟ. ಬೆಂಗಳೂರಿನಲ್ಲಿ ಅಧಿವೇಶನ ನಡೆಯುವಾಗ ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತು ಕಲಾಪ ನೋಡಬಹುದು. ಅದಕ್ಕೆ ಪಾಸು ಬೇಕು. ನಿಮ್ಮ ಕ್ಷೇತ್ರದ ಶಾಸಕರ ಕಚೇರಿಯಲ್ಲಿ ಕೇಳಿ, ಕೇಳುವುದಕ್ಕೆ ನಿಮಗೆ ಹಕ್ಕಿದೆ. ನಮ್ಮ ಅಣ್ಣನ ಮಗಳು ಪಿಯುಸಿಯಲ್ಲಿದ್ದಾಗ ಹೀಗೆ ಹೋಗಿ ಬಂದಳು. ಅವಳಿಗೆ ಜಗಳ, ಭಾಷಣ ಯಾವುದೂ ನೆನಪಿನಲ್ಲಿ ಉಳಿಯಲಿಲ್ಲ. ಪ್ರಶ್ನೋತ್ತರದ ಹೊತ್ತಿನಲ್ಲಿ ಒಬ್ಬ ಶಾಸಕರು ತಮ್ಮ ತಾಲ್ಲೂಕಿನ ಒಂದು ಸಣ್ಣ ಸೇತುವೆಯ ಬಗ್ಗೆ ಕೇಳಿದ್ದು, ಮಂತ್ರಿಗಳು ಕಾಗದ ನೋಡಿಕೊಂಡು ಉತ್ತರ ಕೊಟ್ಟಿದ್ದು ಉಳಿಯಿತು. "ಚಿಕ್ಕಪ್ಪಾ, ನಮ್ಮೂರ ಹಳ್ಳದ ಸೇತುವೆ ಬಗ್ಗೆನೂ ಹೀಗೆ ಕೇಳಬಹುದಲ್ವಾ?" ಅಂದಳು. ಅಷ್ಟು ಅವಳ ತಲೆಗೆ ಹೋಗಿದ್ದು ನನಗೆ ದೊಡ್ಡ ಸಂತೋಷ. ಸಾಮಾನ್ಯವಾಗಿ ವರ್ಷಕ್ಕೆ ಒಂದು ಅಧಿವೇಶನ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆಯುತ್ತದೆ, ಹಾಗಾಗಿ ಯಾವ ಊರಿನಲ್ಲಿ ಅಂತ ತಿಳಿದುಕೊಂಡು ಹೊರಡಿ.

ಮುಂಭಾಗದಲ್ಲಿ ಮೇಲೆ "ಸರ್ಕಾರದ ಕೆಲಸ ದೇವರ ಕೆಲಸ" ಅಂತ ಬರೆದಿದೆ. ಮಕ್ಕಳಿದ್ದರೆ ಅವರ ಕೈಲಿ ಜೋರಾಗಿ ಓದಿಸಿ.

ವಿಧಾನಸೌಧ ಮುಗಿಸಿ ಕಬ್ಬನ್ ಪಾರ್ಕಿಗೆ ನಡೆಯಿರಿ. ಭಾನುವಾರ ಅಂದಿದ್ದಕ್ಕೆ ಇನ್ನೊಂದು ಕಾರಣ ಇದು. ಭಾನುವಾರ ಪಾರ್ಕಿನೊಳಗೆ ವಾಹನಗಳನ್ನು ಬಿಡುವುದಿಲ್ಲ, ವಯಸ್ಸಾದವರನ್ನು ಕರೆದುಕೊಂಡು ನಿಧಾನಕ್ಕೆ ರಸ್ತೆಯ ಮಧ್ಯದಲ್ಲೇ ನಡೆಯಬಹುದು. ಮರಗಳ ನಡುವೆ ಇನ್ನೊಂದು ಕೆಂಪು ಕಟ್ಟಡ ಸಿಗುತ್ತದೆ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನ. 1883ರಿಂದ 1901ರ ತನಕ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ನೆನಪಿಗೆ ಕಟ್ಟಿದ್ದು. ಈಗ ಅಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯ ಇದೆ. ಮುಂದೆ ಗುಲಾಬಿ ತೋಟ. ಅಲ್ಲಿ ಸ್ವಲ್ಪ ಹೊತ್ತು ಕೂರಿ, ಕಾಲಿಗೂ ಕಣ್ಣಿಗೂ ಬಿಡುವು ಬೇಕು.

ಪಾರ್ಕಿನ ಆ ತುದಿಗೆ ಕಸ್ತೂರಬಾ ರಸ್ತೆ. ಅಲ್ಲಿ ಒಂದೇ ಸಾಲಿನಲ್ಲಿ ಮೂರು. ಸರ್ಕಾರಿ ಮ್ಯೂಸಿಯಂ, ವೆಂಕಟಪ್ಪ ಆರ್ಟ್ ಗ್ಯಾಲರಿ, ವಿಶ್ವೇಶ್ವರಯ್ಯ ಮ್ಯೂಸಿಯಂ. ಮೂರನ್ನೂ ಒಂದೇ ಮಧ್ಯಾಹ್ನ ಮುಗಿಸುತ್ತೇನೆ ಅನ್ನುವ ಹಟ ಬೇಡ. ಮ್ಯೂಸಿಯಂ ನೋಡಿ ಆಗುವ ಸುಸ್ತು ಬೆಟ್ಟ ಹತ್ತಿದ ಸುಸ್ತಿಗಿಂತ ಜಾಸ್ತಿ. ನಿಂತು, ಬಗ್ಗಿ, ಓದಿ, ಮುಂದೆ ಹೋಗಿ ಮತ್ತೆ ನಿಂತು ಸೊಂಟ ಹಿಡಿದುಬಿಡುತ್ತದೆ. ಒಂದನ್ನು ಚೆನ್ನಾಗಿ ನೋಡಿ, ಉಳಿದದ್ದನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ. ಹಳೆಯ ಕಟ್ಟಡಗಳಲ್ಲಿ ದುರಸ್ತಿ ಆಗಾಗ ನಡೆಯುತ್ತಿರುತ್ತದೆ, ಕೆಲವು ಕೋಣೆಗಳೋ ಇಡೀ ಮ್ಯೂಸಿಯಮ್ಮೋ ಮುಚ್ಚಿರಬಹುದು. ಹಾಸನದಿಂದ ಹೊರಡುವ ಮುಂಚೆ ಫೋನ್ ಮಾಡಿ ತೆರೆದಿದೆಯಾ ಅಂತ ವಿಚಾರಿಸಿ.

ನನ್ನನ್ನು ಕೇಳಿದರೆ ಸರ್ಕಾರಿ ಮ್ಯೂಸಿಯಮ್ಮೇ ಮೊದಲು. ಡಾಕ್ಟರ್ ಎಡ್ವರ್ಡ್ ಬಾಲ್ಫರ್ ಅನ್ನುವವರು 1865ರಲ್ಲಿ ಇದನ್ನು ಶುರು ಮಾಡಿದರು, ಮೊದಲು ಕಂಟೋನ್ಮೆಂಟಿನ ಮ್ಯೂಸಿಯಂ ರಸ್ತೆಯಲ್ಲಿತ್ತು, 1877ರಲ್ಲಿ ಈಗಿನ ಕೆಂಪು ಕಟ್ಟಡಕ್ಕೆ ಬಂತು. ಇಲ್ಲಿ ಎಲ್ಲವನ್ನೂ ನೋಡಲು ಹೋಗಬೇಡಿ. ಮೊದಲು ಆತಕೂರು ಕಲ್ಲನ್ನು ಹುಡುಕಿ. ಮದ್ದೂರು ತಾಲ್ಲೂಕಿನ ಆತಕೂರಿನದು, ಕ್ರಿ.ಶ. 949ರ ಸುಮಾರಿಗೆ ನಿಲ್ಲಿಸಿದ್ದು. ರಾಷ್ಟ್ರಕೂಟರ ಮೂರನೇ ಕೃಷ್ಣ ಮತ್ತು ಗಂಗರ ಬೂತುಗ ಇಬ್ಬರೂ ಸೇರಿ ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ಮಾಡಿದರು, ಚೋಳರ ರಾಜಾದಿತ್ಯ ಸತ್ತ. ಆ ಯುದ್ಧದಲ್ಲಿ ಬೂತುಗನ ಕಡೆಯ ಮಣಲೇರ ಅನ್ನುವ ವೀರ ಚೆನ್ನಾಗಿ ಹೋರಾಡಿದ. ಏನು ಬೇಕು ಕೇಳು ಅಂತ ರಾಜ ಅಂದಾಗ ಅವನು ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಕಾಳಿ ಅನ್ನುವ ಬೇಟೆನಾಯಿಯನ್ನು ಕೇಳಿದ. ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ಸತ್ತು ನಾಯಿಯೂ ಸತ್ತಿತು. ನಾಯಿಯ ನೆನಪಿಗೆ ಮಣಲೇರ ಕಲ್ಲು ನಿಲ್ಲಿಸಿದ. ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಎದುರುಬದುರಾಗಿ ಹೋರಾಡುವುದನ್ನು ಕೆತ್ತಿದ್ದಾರೆ. ಸುತ್ತ ಅಕ್ಷರ. ಒಂದು ಸಾಮ್ರಾಜ್ಯದ ಯುದ್ಧದ ಸುದ್ದಿಯೂ ಒಂದು ನಾಯಿಯ ಸಾವಿನ ಸುದ್ದಿಯೂ ಒಂದೇ ಕಲ್ಲಿನ ಮೇಲೆ ಇವೆ. ಯಾರಿಗಾದರೂ ಮ್ಯೂಸಿಯಂ ಅಂದರೆ ಬೇಸರ ಅನ್ನಿಸಿದರೆ ಅವರನ್ನು ಈ ಕಲ್ಲಿನ ಮುಂದೆ ನಿಲ್ಲಿಸಿ ಕಥೆ ಹೇಳಿ. ನಮ್ಮ ಮಲೆನಾಡಿನ ಕಡೆ ಹಂದಿ ಕಾಟ ಗೊತ್ತಿರುವವರಿಗೆ, ನಾಯಿ ಕಟ್ಟಿಕೊಂಡು ಗದ್ದೆ ಕಾದವರಿಗೆ ಇದು ತಕ್ಷಣ ಅರ್ಥವಾಗುತ್ತದೆ.

ಅಲ್ಲೇ ಬೇಗೂರಿನ ವೀರಗಲ್ಲೂ ಇದೆ. ಗಂಗರಿಗೂ ನೊಳಂಬರಿಗೂ ನಡೆದ ಕಾಳಗದ್ದು. ಆನೆ, ಕುದುರೆ, ಬಿಲ್ಲು ಹಿಡಿದವರು, ಬಿದ್ದವರು, ಎಲ್ಲ ಒಂದೇ ಹಲಗೆಯ ಮೇಲೆ ಒತ್ತೊತ್ತಾಗಿ. ಮೇಲಿನಿಂದ ನೋಡಬೇಡಿ, ಒಂದು ಮೂಲೆ ಹಿಡಿದು ಅಲ್ಲಿಂದ ಒಬ್ಬೊಬ್ಬರನ್ನೇ ಗುರುತಿಸುತ್ತಾ ಬನ್ನಿ.

ಆಮೇಲೆ ಹೊಯ್ಸಳರ ವಿಗ್ರಹಗಳು. ಹಳೇಬೀಡಿನ ಕಡೆಯಿಂದ ಬಂದವು ಇಲ್ಲಿವೆ. ನಮ್ಮ ದೊಡ್ಡಮ್ಮನನ್ನು ಒಂದು ಸಲ ಕರೆದುಕೊಂಡು ಹೋಗಿದ್ದೆ. ಅವರಿಗೆ ಓದು ಬರಹ ಕಮ್ಮಿ, ಫಲಕದ ಕಡೆ ನೋಡಲೇ ಇಲ್ಲ. ಬೇರೆ ಬೇರೆ ಕಾಲದ ವಿಗ್ರಹಗಳ ಮಧ್ಯೆ ನಡೆದು ಬರುತ್ತಾ ಒಂದರ ಮುಂದೆ ನಿಂತು, "ಇವಳು ನಮ್ಮ ಕಡೆಯವಳು ಕಣಪ್ಪ" ಅಂದರು. ಹೇಗೆ ಗೊತ್ತಾಯಿತು ದೊಡ್ಡಮ್ಮ ಅಂತ ಕೇಳಿದೆ. "ಒಡವೆ ನೋಡು. ಇಷ್ಟು ಒಡವೆ ಬೇರೆ ಯಾರು ಹಾಕ್ತಾರೆ?" ಅಂದರು. ಅವರು ಹೇಳಿದ್ದು ಸರಿಯಾಗಿತ್ತು. ಪುಸ್ತಕ ಓದಿದವರು ಉದ್ದಕ್ಕೆ ಬರೆಯುವುದನ್ನು ಅವರು ಒಂದು ಮಾತಿನಲ್ಲಿ ಹೇಳಿದ್ದರು. ದಿನಾ ಗುಡಿಗೆ ಹೋಗಿ ಬಂದ ಕಣ್ಣು ಅದು. ಅದಕ್ಕೇ ನಾನು ಹೇಳುವುದು, ಮ್ಯೂಸಿಯಂ ಓದಿದವರಿಗೆ ಮಾತ್ರ ಅಂತ ಮನೆಯ ಹಿರಿಯರನ್ನು ಬಿಟ್ಟು ಹೋಗಬೇಡಿ. ಹಳೆಯ ಪಾತ್ರೆ, ಒರಳು, ಕತ್ತಿ, ನಾಣ್ಯ ಇಂಥವನ್ನೆಲ್ಲ ನೋಡುವಾಗ ಅವರಿಗೆ ಗೊತ್ತಿರುವಷ್ಟು ಫಲಕದಲ್ಲಿ ಬರೆದಿರುವುದಿಲ್ಲ. ಅವರ ಜೊತೆ ಮಗುವೊಂದನ್ನು ಬಿಡಿ, ಇಬ್ಬರೂ ಸೇರಿ ನೋಡಲಿ.

ಒಂದು ಮಾತು. ಹಲ್ಮಿಡಿ ಶಾಸನವನ್ನು ಇಲ್ಲಿ ಹುಡುಕಬೇಡಿ. ನಮ್ಮ ಬೇಲೂರು ತಾಲ್ಲೂಕಿನ ಆ ಮೂಲ ಕಲ್ಲನ್ನು ಮೈಸೂರಿನ ಪುರಾತತ್ವ ಇಲಾಖೆಯಲ್ಲಿ ಇಟ್ಟಿದ್ದಾರೆ, ಊರಿನಲ್ಲಿ ಅದರ ಪ್ರತಿಕೃತಿ ನಿಲ್ಲಿಸಿದ್ದಾರೆ.

ವೆಂಕಟಪ್ಪ ಗ್ಯಾಲರಿ ಪಕ್ಕದಲ್ಲೇ. ಕೆ. ವೆಂಕಟಪ್ಪ 1886ರಲ್ಲಿ ಹುಟ್ಟಿದವರು, ಮೈಸೂರು ಮಹಾರಾಜರ ಸಹಾಯದಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಹತ್ತಿರ ಚಿತ್ರ ಕಲಿತರು. ವೀಣೆಯನ್ನು ವೀಣೆ ಶೇಷಣ್ಣನವರ ಹತ್ತಿರ ಕಲಿತರು. ಊಟಿಯ ಬೆಟ್ಟ, ಮಂಜು, ಕೆರೆಗಳನ್ನು ನೀರುಬಣ್ಣದಲ್ಲಿ ಬರೆದಿದ್ದಾರೆ. ಮಂಜಿನ ಬಣ್ಣ ಎಷ್ಟು ಸರಿಯಾಗಿದೆ ಅನ್ನುವುದು ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಹೇಳಬೇಕಾಗಿಲ್ಲ. ಸಣ್ಣ ಸಣ್ಣ ಚಿತ್ರಗಳು, ಬೇಗ ದಾಟಿ ಹೋಗಬೇಡಿ.

ವಿಶ್ವೇಶ್ವರಯ್ಯ ಮ್ಯೂಸಿಯಂ ಮಕ್ಕಳ ಪಾಲಿನದು. 1962ರಲ್ಲಿ ನೆಹರೂ ಉದ್ಘಾಟಿಸಿದ್ದು. ಇದು ಸೋಮವಾರವೂ ತೆರೆದಿರುತ್ತದೆ. ಇಲ್ಲಿ ಮುಟ್ಟಬೇಡ ಅನ್ನುವ ಮಾತು ಕಮ್ಮಿ. ಗುಂಡಿ ಒತ್ತು, ಹಿಡಿಕೆ ತಿರುಗಿಸು, ಏನಾಗುತ್ತದೆ ನೋಡು ಅನ್ನುವ ಜಾಗ. ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಮಾದರಿ ಇದೆ, ಹೊರಗೆ ಬೆಂಗಳೂರಿನಲ್ಲೇ ಮಾಡಿದ ಮರುತ್ ಯುದ್ಧವಿಮಾನ ನಿಂತಿದೆ. ದೊಡ್ಡವರು ಸಾಮಾನ್ಯವಾಗಿ ಬೆಂಚು ಹುಡುಕಿ ಕೂತು ಮೊಬೈಲ್ ತೆಗೆಯುತ್ತಾರೆ. ಹಾಗೆ ಮಾಡಬೇಡಿ. ಎಂಜಿನ್ ಹಾಲಿನಲ್ಲಿ ಒಂದೊಂದು ಎಂಜಿನ್ನೂ ಕತ್ತರಿಸಿ ಒಳಗೆ ಏನಿದೆ ಅಂತ ತೋರಿಸಿದ್ದಾರೆ. ಪಂಪ್‌ಸೆಟ್ಟು ಬಿಚ್ಚಿ ಗೊತ್ತಿರುವ, ಟ್ರ್ಯಾಕ್ಟರ್ ರಿಪೇರಿ ಮಾಡಿಸಿ ಗೊತ್ತಿರುವ ಅಪ್ಪಂದಿರು ಮಕ್ಕಳಿಗೆ ಇಲ್ಲಿ ಎಷ್ಟೊಂದು ಹೇಳಬಹುದು.

ಚಿತ್ರಕಲೆಯಲ್ಲಿ ಆಸಕ್ತಿ ಇರುವವರಿಗೆ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಶನ್ ಇದೆ. ಹಳೆಯ ಬಂಗಲೆಯನ್ನು ಉಳಿಸಿಕೊಂಡು 2009ರಲ್ಲಿ ಅಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ತೆರೆದರು. ದೊಡ್ಡ ಮರಗಳ ನೆರಳು, ಗದ್ದಲವಿಲ್ಲ. ಅದಕ್ಕೆ ಅಂತಲೇ ಬೇರೆ ದಿನ ಇಟ್ಟುಕೊಳ್ಳಿ. ತಾರಾಲಯವೂ ಅಷ್ಟೇ, ಅಲ್ಲಿ ಕನ್ನಡದ ಪ್ರದರ್ಶನ ಬೇರೆ, ಇಂಗ್ಲಿಷಿನದು ಬೇರೆ, ವೇಳೆ ನೋಡಿಕೊಂಡು ಹೋಗಿ.

ಇನ್ನು ಸಣ್ಣಪುಟ್ಟ ವಿಷಯಗಳು. ಚೀಲ ಕಮ್ಮಿ ಇರಲಿ. ಬಟ್ಟೆ ತುಂಬಿದ ಬ್ಯಾಗು, ತೆಂಗಿನಕಾಯಿ ಗಂಟು, ಮಗಳ ಮನೆಗೆ ಅಂತ ತಂದ ಅಕ್ಕಿ ಚೀಲ ಹೊತ್ತುಕೊಂಡು ಮ್ಯೂಸಿಯಂ ಬಾಗಿಲಿಗೆ ಬಂದರೆ ನಿಮಗೇ ಕಷ್ಟ. ಮೊದಲು ನೆಂಟರ ಮನೆಗೆ ಇಳಿಸಿ, ಅಥವಾ ಮೆಜೆಸ್ಟಿಕ್ಕಿನ ಲಗೇಜ್ ರೂಮಿನಲ್ಲಿ ಇಡಿ. ಮೆಟ್ರೋದಲ್ಲೂ ಚೀಲವನ್ನೆಲ್ಲ ತಪಾಸಣೆ ಮಾಡುತ್ತಾರೆ. ಗುರುತಿನ ಚೀಟಿ ಎಲ್ಲರ ಹತ್ತಿರವೂ ಇರಲಿ. ಟಿಕೆಟ್ಟು ಎಲ್ಲೂ ದುಬಾರಿಯಲ್ಲ, ಆದರೆ ಚಿಲ್ಲರೆ ಇಟ್ಟುಕೊಳ್ಳಿ, ಫೋನಿನಲ್ಲಿ ದುಡ್ಡು ಹೋಗದ ಹೊತ್ತು ಇರುತ್ತದೆ. ಫೋಟೋ ತೆಗೆಯಬಹುದಾ ಅಂತ ಒಳಗೆ ಹೋಗುವಾಗಲೇ ಕೇಳಿ. ಫ್ಲ್ಯಾಶ್ ಹಾಕಬೇಡಿ, ಹಳೆಯ ಬಣ್ಣಕ್ಕೆ ಅದು ಒಳ್ಳೆಯದಲ್ಲ. ಕಲ್ಲನ್ನು ಮುಟ್ಟಬೇಡಿ. ನಮ್ಮ ಕಡೆ ಗುಡಿಯಲ್ಲಿ ವಿಗ್ರಹದ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ರೂಢಿ ಇದೆ, ಭಕ್ತಿಯಿಂದಲೇ ಮಾಡುತ್ತೇವೆ. ಮ್ಯೂಸಿಯಮ್ಮಿನಲ್ಲಿ ದೂರದಿಂದ ಕೈಮುಗಿದರೆ ಸಾಕು. ಬೆವರು, ಎಣ್ಣೆ ತಾಗಿ ತಾಗಿ ಕಲ್ಲು ಕಪ್ಪಾಗುತ್ತದೆ.

ವಯಸ್ಸಾದವರಿಗೆ ಮೆಟ್ಟಿಲು ದೊಡ್ಡ ಕಷ್ಟ. ಟಿಪ್ಪು ಅರಮನೆಯ ಮೇಲಿನ ಅಂತಸ್ತಿಗೆ ಹೋಗುವ ಮೆಟ್ಟಿಲು ಇಕ್ಕಟ್ಟು, ಮಂಡಿ ನೋವಿರುವವರು ಕೆಳಗೇ ಇದ್ದು ತೋಟದಲ್ಲಿ ಕೂರಲಿ. ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನಲ್ಲಿ ಹಲವು ಅಂತಸ್ತು ಇವೆ, ಲಿಫ್ಟ್ ಎಲ್ಲಿದೆ ಅಂತ ಮೊದಲೇ ಕೇಳಿಕೊಳ್ಳಿ. ಕುಡಿಯುವ ನೀರು ಜೊತೆಗಿರಲಿ. ಮಧ್ಯಾಹ್ನದ ಊಟವನ್ನು ಒಂದು ಗಂಟೆಗೆ ಮುಂಚೆ ಮುಗಿಸಿಕೊಂಡರೆ ಒಳ್ಳೆಯದು, ಯಾಕೆಂದರೆ ಹಸಿದವರಿಗೆ ಯಾವ ಶಾಸನವೂ ಓದಲು ಆಗುವುದಿಲ್ಲ.

ಬಾಗಿಲಲ್ಲಿ ನಿಂತ ಸೆಕ್ಯೂರಿಟಿಯವರನ್ನು ಕಂಡು ಹಿಂಜರಿಯಬೇಡಿ. ನಮ್ಮ ಜನಕ್ಕೆ ಸರ್ಕಾರಿ ಬಾಗಿಲು ಅಂದರೆ ಒಂದು ಭಯ ಇದೆ, ಅದು ಇವತ್ತಿನದಲ್ಲ. "ಅಣ್ಣ, ಒಳಗೆ ನೋಡಬೇಕು, ಟಿಕೆಟ್ ಎಲ್ಲಿ ಕೊಡ್ತಾರೆ?" ಅಂತ ನೇರವಾಗಿ ಕೇಳಿ. ಎಷ್ಟೋ ಸಲ ಅವರೂ ತುಮಕೂರಿನವರೋ ರಾಯಚೂರಿನವರೋ ಆಗಿರುತ್ತಾರೆ, ಹಾಸನದಿಂದ ಬಂದಿದ್ದೀವಿ ಅಂದರೆ ಯಾವ ಕೋಣೆ ಮೊದಲು ನೋಡಬೇಕು ಅಂತ ತಾವೇ ಹೇಳುತ್ತಾರೆ.

ಸಂಜೆ ಉಳಿಯುವ ಹಾಗಿದ್ದರೆ ಭಾನುವಾರ ಮತ್ತು ಹಬ್ಬದ ರಜೆಗಳಲ್ಲಿ ವಿಧಾನಸೌಧಕ್ಕೆ ದೀಪ ಹಾಕುತ್ತಾರೆ, ಅದನ್ನು ನೋಡಿಕೊಂಡು ಮೆಟ್ರೋ ಹತ್ತಬಹುದು. ರೈಲಿಗೆ ವಾಪಸ್ ಬರುವವರು ವೇಳೆಯನ್ನು ಬೆಳಿಗ್ಗೆಯೇ ನೋಡಿಕೊಂಡಿರಿ. ಬಸ್ಸಿಗಾದರೆ ಮೆಜೆಸ್ಟಿಕ್ಕಿನಿಂದ ಹಾಸನಕ್ಕೆ ರಾತ್ರಿಯೂ ಇರುತ್ತವೆ, ಭಾನುವಾರ ಸಂಜೆ ಹಾಸನದ ಕಡೆ ಅಷ್ಟು ನೂಕುನುಗ್ಗಲೂ ಇರುವುದಿಲ್ಲ, ಜನರೆಲ್ಲ ಊರಿಂದ ಬೆಂಗಳೂರಿಗೆ ಬರುತ್ತಿರುತ್ತಾರೆ.

ಬೆಂಗಳೂರಿನ ನೆಂಟರು ನಮ್ಮ ಕಡೆ ಬಂದಾಗ ಇದನ್ನೇ ತಿರುಗಿಸಿ ಮಾಡಿ. ಹಳೇಬೀಡೂ ಒಂದು ಕಾಲಕ್ಕೆ ರಾಜಧಾನಿ, ಆಗ ಅದರ ಹೆಸರು ದೋರಸಮುದ್ರ. 1311ರಲ್ಲಿ ಮಲಿಕ್ ಕಾಫೂರನ ಸೈನ್ಯ ಅಲ್ಲಿಗೆ ಬಂತು. ಹೊಯ್ಸಳೇಶ್ವರನ ಗುಡಿ ನೋಡಿ ಕಾರು ಹತ್ತುವವರೇ ಹೆಚ್ಚು, ಪಕ್ಕದಲ್ಲೇ ಪುರಾತತ್ವ ಇಲಾಖ‍ೆಯ ಮ್ಯೂಸಿಯಂ ಇದೆ, ಸುತ್ತಮುತ್ತ ಸಿಕ್ಕ ವಿಗ್ರಹಗಳನ್ನು ಅಲ್ಲಿ ಸೇರಿಸಿದ್ದಾರೆ. ಗುಡಿಯಲ್ಲಿ ತಲೆಯೆತ್ತಿ ನೋಡಬೇಕಾದ್ದನ್ನು ಅಲ್ಲಿ ಕಣ್ಣಿನ ಮಟ್ಟದಲ್ಲಿ ನೋಡಬಹುದು. ಸ್ವಲ್ಪ ದೂರದಲ್ಲಿ ಕೇದಾರೇಶ್ವರ, ಬಸದಿಹಳ್ಳಿಯ ಜೈನ ಬಸದಿಗಳು, ಹುಲಿಕೆರೆಯ ಕೊಳ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಜನ ಜಾಸ್ತಿಯಾಗಿದ್ದಾರೆ, ಬೆಳಿಗ್ಗೆ ಬೇಗ ಹೋಗಿ. ಹಳೇಬೀಡಿನ ಮ್ಯೂಸಿಯಮ್ಮಿಗೆ ರಜೆ ಶುಕ್ರವಾರ, ಸೋಮವಾರ ಅಲ್ಲ. ನೆಂಟರಿಗೆ ದಿನ ಹೇಳುವಾಗ ಅದನ್ನು ನೆನಪಿಟ್ಟುಕೊಳ್ಳಿ.